ಒಂದು ಎನ್ನದವಳು

“ಲಾಭ,” ಎಂದಳು ಅವ್ವ. ಪಾವಿನಿಂದ ಅಕ್ಕಿ ಪಾತ್ರೆಗೆ ಸುರಿದ ಸದ್ದು. “ಎರಡು.” ಮತ್ತೆ ಸದ್ದು. “ಮೂರು.”

ಪಡಸಾಲೆಯಲ್ಲಿ ನೆರಿಗೆ ಹಿಡಿದು ನಿಂತಿದ್ದ ಸುನಂದಾ ಹಾಗೆಯೇ ನಿಂತುಬಿಟ್ಟಳು. ಪಿನ್ನು ಹಲ್ಲಿನ ನಡುವೆ ಇತ್ತು. ಕಣ್ಣಿನ ಪೊರೆ ತೆಗೆಸಲೆಂದು ಕುರುಗೋಡಿನಿಂದ ಬಂದ ಅವ್ವ ಬಳ್ಳಾರಿಯ ಪಾರ್ವತಿನಗರದ ಈ ಮನೆಯಲ್ಲಿ ಇಪ್ಪತ್ತು ದಿನಗಳಿಂದ ಇದ್ದಾಳೆ. ಬೇಡವೆಂದರೂ ಎರಡು ದಿನದಿಂದ ಒಲೆಯ ಮುಂದೆ ನಿಲ್ಲುತ್ತಿದ್ದಾಳೆ. ಕಣ್ಣು ಇನ್ನೂ ಮಬ್ಬಾದ್ದರಿಂದ ಮಾಡುವುದನ್ನೆಲ್ಲ ಬಾಯಲ್ಲಿ ಹೇಳಿಕೊಂಡು ಮಾಡುತ್ತಾಳೆ, ಉಪ್ಪು ಇಲ್ಲೈತಿ, ಮುಚ್ಚಳ ಇಲ್ಲೈತಿ, ಉರಿ ಸಣ್ಣಗಾತು. ಆ ಗೊಣಗಿನಲ್ಲಿ ನಿನ್ನೆಯೂ ಈ ಪದ ಬಂದಿರಬೇಕು. ಮೊನ್ನೆಯೂ. ನಲವತ್ತಾರು ವರ್ಷಗಳಲ್ಲಿ ಎಷ್ಟು ಸಲ ಬಂದಿತ್ತೋ. ಇವತ್ತು ಮಾತ್ರ ಅದು ಅಡುಗೆಮನೆಯ ಹೊಸ್ತಿಲು ದಾಟಿ ಬಂದು ಸುನಂದಾಳ ಪಕ್ಕೆಲುಬಿನ ಕೆಳಗೆಲ್ಲೋ ಕೂತಿತು.

“ಅವ್ವಾ, ಈಗ ಏನಂದಿ?”

“ಏನಂದೆ? ಹಾಲು ಉಕ್ಕೀತು ಅಂದ್ನ್ಯಾ?”

“ಅದಲ್ಲ. ಅಕ್ಕಿ ಎಣಿಸುವಾಗ.”

“ಅಕ್ಕೀನ ಯಾರರ ಎಣಿಸ್ತಾರೇನ? ಅಳೀತಾರ. ಪಿಎಚ್‌ಡಿ ಮಾಡಿ ಅಷ್ಟೂ ಗೊತ್ತಾಗಲಿಲ್ಲ ನಿನಗ.” ಅವ್ವ ತನ್ನ ಮಾತಿಗೆ ತಾನೇ ನಕ್ಕಳು. ಹಸಿರು ಕಣ್ಪಟ್ಟಿ ಮೂಗಿನ ಮೇಲೆ ಜಾರಿತ್ತು.

“ಒಂದು ಅಂತ ಯಾಕ ಅನ್ನಲಿಲ್ಲ?”

“ಉಣ್ಣೋ ವಸ್ತುವಿಗೆ ಒಂದು ಅಂತಾರೇನಲೇ? ಒಂದಕ್ಕ ನಿಂತೋಗ್ತೈತಿ. ಲಾಭ ಅಂದು ಸುರು ಮಾಡಬೇಕು. ಏನ್ ಹಿಂಗ ಕೇಳ್ತಿ, ಬ್ಯಾರೆ ಊರಿನಿಂದ ಬಂದಾಕಿ ಹಂಗ? ನಿಮ್ಮಪ್ಪ ಕಣದಾಗ ಜೋಳ ಅಳ್ಯಾಕ ಕುಂತ್ರ ನೀನಾ ಕೂಗ್ತಿದ್ದಿ, ಗಂಟ್ಲು ಹರ್ಕೊಂಡು. ಊರಿಗೆಲ್ಲಾ ಕೇಳತಿತ್ತು.”

ಸುನಂದಾ ಪಿನ್ನು ಚುಚ್ಚಿಕೊಂಡಳು. ಸೀರೆಗೋ ಬೆರಳಿಗೋ ನೋಡಲಿಲ್ಲ. ತಿಂಡಿ ಬೇಡವೆಂದು ಹೇಳಿ, ಬೇಡವೆಂದದ್ದಕ್ಕೆ ಅವ್ವ ಅಂದ ಮಾತನ್ನು ಕೇಳಿಸಿಕೊಳ್ಳದೆ ಆಟೋ ಹತ್ತಿದಳು. ಗಾಂಧಿನಗರದ ಸಿಗ್ನಲ್ಲಿನಲ್ಲಿ ಆಟೋ ನಿಂತಾಗ, ಇಲ್ಲಿಯ ಮನೆಮನೆಗೆ ಹೋಗಿಯೇ ತಾನು ಪಿಎಚ್‌ಡಿಯ ಬುದ್ಧಿಮಾಪಕಕ್ಕೆ ಅಂಕಿಅಂಶ ಕೂಡಿಸಿದ್ದು ಎಂಬುದು ನೆನಪಾಯಿತು. ಇಲ್ಲಿ ಮತ್ತು ಪಾರ್ವತಿನಗರದಲ್ಲಿ. ನಾನೂರು ಜನ. ನೆರಳಿರುವ ಬೀದಿಗಳು, ಕುಡಿಯಲು ನೀರು ಕೊಟ್ಟು ಕೂರಿಸುವ ಹೆಂಗಸರು, ಶಾಲೆ ಕಲಿತವರು. ಅವರಲ್ಲಿ ಯಾರೂ ಲಾಭ ಎಂದಿರಲಿಲ್ಲ. ಅಥವಾ ಅಂದವರು ಒಬ್ಬಿಬ್ಬರು ಇದ್ದು, ತಡೆದು, ನಕ್ಕು, ಅಯ್ಯೋ ಒಂದು, ಒಂದು, ಎಂದು ತಿದ್ದಿಕೊಂಡಿರಬಹುದು.

ನ್ಯಾಯಾಲಯ ಕಳಿಸಿದವರನ್ನು ಕೂರಿಸಿಕೊಂಡು ಪರೀಕ್ಷಿಸಿ, ಇವರ ಬುದ್ಧಿ ಇಷ್ಟು, ಇವರ ಮಾತು ಇಷ್ಟು ನಂಬಬಹುದು, ಇವರು ತಮ್ಮನ್ನೂ ಇನ್ನೊಬ್ಬರನ್ನೂ ನೋಡಿಕೊಳ್ಳಬಲ್ಲರು ಅಥವಾ ಇಲ್ಲ ಎಂದು ಬರೆದುಕೊಡುವುದು ಹದಿನೈದು ವರ್ಷಗಳಿಂದ ಸುನಂದಾಳ ಕೆಲಸದ ಅರ್ಧ. ಉಳಿದರ್ಧ ಅದನ್ನು ಕಲಿಸುವುದು. ಎರಡಕ್ಕೂ ಬುಡದಲ್ಲಿದ್ದದ್ದು ಅವಳ ಪಿಎಚ್‌ಡಿಯ ‘ದೈನಂದಿನ ಸಾಮರ್ಥ್ಯ ಮಾಪಕ’. ಹೊರದೇಶದ ಪರೀಕ್ಷೆಯಲ್ಲಿ ಮರದ ತುಂಡುಗಳನ್ನು ಎಣಿಸಲು ಕೊಡುತ್ತಿದ್ದರು. ನಮ್ಮ ಹೆಣ್ಣುಮಕ್ಕಳಿಗೆ ಮರದ ತುಂಡು ಯಾಕೆ ಎಂದು ಅವಳು ಅಕ್ಕಿ ತಂದಳು. ಒಂದು ಸ್ಟೀಲು ಡಬ್ಬಿ ತುಂಬ ಅಕ್ಕಿ, ಒಂದು ಚಿಕ್ಕ ಪಾವು, ಒಂದು ಬೋಗುಣಿ. ‘ಹತ್ತು ಪಾವು ಅಳೆದು ಹಾಕಿ, ಗಟ್ಟಿಯಾಗಿ ಎಣಿಸಿ.’ ಇದಕ್ಕೆ ಮೈಸೂರಿನ ಸಮ್ಮೇಳನದಲ್ಲಿ ಚಪ್ಪಾಳೆ ಬಿದ್ದಿತ್ತು. ಅವಳ ಮಾರ್ಗದರ್ಶಕರು ವಿರೂಪಾಕ್ಷಪ್ಪನವರು ಎದ್ದುನಿಂತು, ಇದು ನೆಲದಿಂದ ಎದ್ದ ಮಾಪಕ ಎಂದಿದ್ದರು. ಮರದ ತುಂಡು ಕೊಟ್ಟಿದ್ದರೆ, ಆರು ತಿಂಗಳ ಹಿಂದೆ ಆ ಅಕ್ಕಿಯ ಮುಂದೆ ಕೂತು ಲಾಭ ಎಂದಿದ್ದ ಹೆಂಗಸು ಒಂದು ಎಂದೇ ಸುರು ಮಾಡುತ್ತಿದ್ದಳು. ಈ ಯೋಚನೆ ಬಂದಾಗ ಆಟೋದವನು ಚಿಲ್ಲರೆ ಕೇಳುತ್ತಿದ್ದ. ಸುನಂದಾ ಅವನ ಮುಖವನ್ನೇ ನೋಡುತ್ತ ಕೂತಿದ್ದಳು.

ಆ ಹೆಂಗಸು ಸಿರುಗುಪ್ಪದ ಹೊನ್ನೂರಮ್ಮ. ವಯಸ್ಸು ಐವತ್ತೆಂಟೆಂದು ಬರೆದಿತ್ತು, ಅಂದಾಜು. ಮಗಳು ಅಳಿಯ ಇಬ್ಬರೂ ಲಾರಿ ಅಪಘಾತದಲ್ಲಿ ಹೋದ ಮೇಲೆ ಮೊಮ್ಮಗಳು ಹುಲಿಗೆಮ್ಮ ಅವಳ ಬಳಿ ಇದ್ದಳು. ಮಗುವಿನ ದೊಡ್ಡಪ್ಪ, ಕುರುಗೋಡಿನ ದೊಡ್ಡಬಸವರಾಜ, ಮಗು ತನ್ನ ಮನೆಯಲ್ಲಿ ಬೆಳೆಯಲಿ, ಮುದುಕಿಗೆ ಬುದ್ಧಿ ಅಷ್ಟಕ್ಕಷ್ಟೆ ಎಂದು ದಾವೆ ಹಾಕಿದ. ನ್ಯಾಯಾಧೀಶರು ಪರೀಕ್ಷೆಗೆ ಕಳಿಸಿದರು. ಸುನಂದಾ ವರದಿ ಕೊಟ್ಟಳು. ವರದಿ ಬಂದ ವಾರದಲ್ಲೇ, ತೀರ್ಪು ಬರುವತನಕ ಎಂದು, ಮಗುವನ್ನು ಕುರುಗೋಡಿಗೆ ಕಳಿಸಿದರು. ಕೊನೆಯ ವಿಚಾರಣೆ ನಾಳೆ. ನಾಳೆ ಬೆಳಿಗ್ಗೆ ಸುನಂದಾ ಬಳ್ಳಾರಿಯ ನ್ಯಾಯಾಲಯಕ್ಕೆ ಹೋಗಿ, ಇದು ನನ್ನ ವರದಿ, ಇದರಲ್ಲಿರುವುದು ಸತ್ಯ ಎಂದು ಹೇಳಬೇಕಾಗಿತ್ತು. ಎರಡು ನಿಮಿಷದ ಕೆಲಸ.

ಮನೋವಿಜ್ಞಾನ ವಿಭಾಗದ ಕಪಾಟಿನಲ್ಲಿ ಫೈಲು ಇತ್ತು. ಅವಳ ದುಂಡು ಅಕ್ಷರ, ಎಲ್ಲೂ ಕಾಟು ಹೊಡೆಯದ ಅಕ್ಷರ. ‘ಎಣಿಕೆ: ಮೊದಲ ಸಂಖ್ಯೆಯ ಬದಲು ಅಸಂಬದ್ಧ ಪದ (ಲಾಭ). ಏಳರ ಜಾಗದಲ್ಲಿ “ಆರಾದ ಮ್ಯಾಲೊಂದು”. ಕ್ರಮ ತಪ್ಪಿದೆ. ಅಂಕ: ಸೊನ್ನೆ. ವಿಭಾಗ ನಿಲ್ಲಿಸಲಾಗಿದೆ.’ ನಿಲ್ಲಿಸಲಾಗಿದೆ. ಇದೂ ಅವಳದೇ ನಿಯಮ: ಎಣಿಕೆಯಲ್ಲಿ ಸೊನ್ನೆ ಬಂದರೆ ಲೆಕ್ಕದ ಮುಂದಿನ ಹನ್ನೊಂದು ಪ್ರಶ್ನೆ ಕೇಳುವಂತಿಲ್ಲ, ಬಾರದವರನ್ನು ಸುಮ್ಮನೆ ಕಾಡಬಾರದು. ಹಾಗಾಗಿ ಇವತ್ತು ಆ ಒಂದು ಸೊನ್ನೆಯನ್ನು ತಿದ್ದಿದರೂ ಪ್ರಯೋಜನವಿಲ್ಲ. ಉಳಿದ ಹನ್ನೊಂದನ್ನು ಯಾರೂ ಕೇಳಿಯೇ ಇಲ್ಲ. ಒಟ್ಟು ಅರವತ್ತೆರಡು. ಎಪ್ಪತ್ತರ ಕೆಳಗೆ. ‘ಸೌಮ್ಯ ಬೌದ್ಧಿಕ ನ್ಯೂನತೆ. ಮಗುವಿನ ಪೂರ್ಣ ಜವಾಬ್ದಾರಿ ಹೊರಲು ಬಹುಶಃ ಅಸಮರ್ಥರು.’

ಬಹುಶಃ. ಆ ಪದವನ್ನು ಎಷ್ಟು ಜೋಪಾನವಾಗಿ ಇಟ್ಟಿದ್ದಳು ಅಲ್ಲಿ.

ಕೈಪಿಡಿ ಇಷ್ಟು ಬಿಗಿಯಾಗಿರಲಿಲ್ಲ ಮೊದಲು. ‘ಸ್ಥಳೀಯ ರೂಢಿಯ ಉತ್ತರಗಳನ್ನು ಪರೀಕ್ಷಕರು ವಿವೇಚನೆಯಿಂದ ಒಪ್ಪಬಹುದು’ ಎಂಬ ಸಾಲು ಇತ್ತು. ಆರು ವರ್ಷದ ಹಿಂದೆ ಒಂದು ಮೊಕದ್ದಮೆಯಲ್ಲಿ ಕೂದಲಿಗೆ ಬಣ್ಣ ಹಚ್ಚಿದ ಒಬ್ಬ ವಕೀಲ, ವಿವೇಚನೆ ಅಂದ್ರೇನ್ರೀ ಮೇಡಂ, ನಿಮಗ ಬೇಕಾದವ್ರಿಗೆ ಎರಡು ಮಾರ್ಕು ಜಾಸ್ತಿ ಹಾಕೋದಾ, ಅಕ್ಕಿ ಅಳೆಸಿ ಬುದ್ಧಿ ಅಳೀತೀರಂತ, ಬ್ಯಾಳಿ ಅಳೆಸಿದ್ರ ಏನ್ ತಿಳೀತೈತ್ರೀ ಎಂದಿದ್ದ. ಕೋಣೆಯೆಲ್ಲ ನಕ್ಕಿತ್ತು. ನ್ಯಾಯಾಧೀಶರೂ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ಹಾಕಿಕೊಂಡಿದ್ದರು. ನಗು ಮುಚ್ಚಿಕೊಳ್ಳಲೆಂದು ಅವಳಿಗೆ ಗೊತ್ತಾಗಿತ್ತು, ಮುಖಗಳನ್ನು ಓದುವುದೇ ಅವಳ ಕಸುಬಲ್ಲವೇ. ಅವತ್ತು ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟು ಕೂತಿದ್ದಳು. ಮುಂದಿನ ಮುದ್ರಣದಲ್ಲಿ ಆ ಸಾಲು ಇರಲಿಲ್ಲ.

“ಮೇಡಂ, ಅದು ಹೊನ್ನೂರಮ್ಮಂದಲ್ರಾ?” ಅನುಷಾ ಬಾಗಿಲಲ್ಲಿ ನಿಂತಿದ್ದಳು. ಇದೇ ಮಾಪಕವನ್ನು ಇಟ್ಟುಕೊಂಡು ಸುನಂದಾಳ ಕೈಕೆಳಗೆ ಸಂಶೋಧನೆ ಮಾಡುತ್ತಿರುವವಳು; ಈ ತಿಂಗಳ ಕೊನೆಗೆ ಪ್ರಬಂಧ ಒಪ್ಪಿಸುವವಳಿದ್ದಳು.

“ಅವತ್ತು ನೀನೂ ಇದ್ದೆಲ್ಲ ಕೋಣ್ಯಾಗ?”

“ಇದ್ದೆ ಮೇಡಂ. ಟೈಮು ನೋಡ್ತಿದ್ದೆ.”

“ಆಕಿ ಲಾಭ ಅಂದಾಗ ನಾನು ಏನ್ ಮಾಡಿದೆ?”

ಅನುಷಾ ಪ್ರಶ್ನೆ ಅರ್ಥವಾಗದವಳ ಹಾಗೆ ನೋಡಿದಳು. “ನಕ್ರಿ.”

“ನಕ್ಕೆನಾ?”

“ಸಣ್ಣಗ ನಕ್ರಿ. ಆಮ್ಯಾಲ ಬರದ್ರಿ.”

ಸುನಂದಾ ಫೈಲು ಮುಚ್ಚಿದಳು. ಆಮೇಲೆ ಅನುಷಾಳಿಗೆ ಹೇಳಿದಳು, ಅದು ಅಸಂಬದ್ಧ ಪದವಲ್ಲ, ಧಾನ್ಯ ಅಳೆಯುವ ರೂಢಿ; ಏಳು ಎಂದರೆ ಧಾನ್ಯ ಎದ್ದು ಹೋಗುತ್ತದೆಂದು ಅದನ್ನೂ ಬಾಯಲ್ಲಿ ಅನ್ನುವುದಿಲ್ಲ. ಅನುಷಾ ಕೇಳುತ್ತ ಕೇಳುತ್ತ ಕುರ್ಚಿಯಲ್ಲಿ ಕೂತಳು. ಹೌದು, ತಮ್ಮೂರು ಮೋಕದಲ್ಲಿ ತನ್ನ ಅಜ್ಜಿಯೂ ಹಾಗೇ ಅನ್ನುತ್ತಾಳೆ ಎಂದಳು. ಮತ್ತೆ ಯಾಕೆ ಹೇಳಲಿಲ್ಲ ಅವತ್ತು ಎಂದರೆ, “ನೀವು ಬರೀತಿದ್ರಿ. ನೀವು ಬರದದ್ದು ತಪ್ಪಿರಂಗಿಲ್ಲ ಅನ್ಕಂಡೆ,” ಎಂದಳು. “ಮೇಡಂ, ನಂದು ಇಪ್ಪತ್ತೆಂಟಕ್ಕೆ ಸಬ್ಮಿಷನ್ನು,” ಎಂದಳು ಅನುಷಾ, ಕೊನೆಗೆ, ಕ್ಷಮೆ ಕೇಳುವ ದನಿಯಲ್ಲಿ. ಅವಳ ಬೆರಳುಗಳು ಮೇಜಿನ ಅಂಚನ್ನು ಒರೆಸುತ್ತಿದ್ದವು.

ವಿರೂಪಾಕ್ಷಪ್ಪನವರಿಗೆ ಫೋನು ಮಾಡಬಾರದಿತ್ತು. ಮಾಡಿದಳು. ಅವರು ನಿವೃತ್ತರಾಗಿದ್ದರೂ ಮುಂದಿನ ವಾರ ಅವಳ ಪ್ರಾಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಯಾರು ಬರುತ್ತಾರೆ, ಏನು ಕೇಳುತ್ತಾರೆ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಅವರು ಎಲ್ಲ ಕೇಳಿಕೊಂಡು, “ನೋಡವ್ವಾ,” ಎಂದರು. “ಮಾಪಕ ಅಂದ ಮ್ಯಾಲ ದೋಷ ಇರತೈತಿ. ಅದಕ್ಕ ಶೇಕಡಾ ಐದು ಅಂತ ಬರದಿಲ್ಲೇನು ನೀನು? ಈ ಹೆಣ್ಮಗಳು ಆ ಐದರಾಗ ಬಂದ್ಳು. ಮುಂದಿನ ಮುದ್ರಣದಾಗ ತಿದ್ದು, ಒಂದು ಲೇಖನಾನೂ ಆಗತೈತಿ.” ಮತ್ತೆ, “ನಾಳೆ ನಿನ್ನನ್ನ ಇದನ್ನ ಯಾರೂ ಕೇಳಂಗಿಲ್ಲ. ಕೇಳಲಾರದ್ದಕ್ಕ ಉತ್ತರ ಹೇಳಬ್ಯಾಡ. ಸಾಕ್ಷಿ ಕಟ್ಟಿ ಹತ್ತವ್ರಿಗೆ ನಾನಾ ಇದನ್ನ ಹೇಳಿಕೊಟ್ಟೀನಿ, ನೆನಪೈತಿಲ್ಲೋ?” ನೆನಪಿತ್ತು. ಅವಳೂ ಅದನ್ನೇ ಮುಂದಿನವರಿಗೆ ಹೇಳಿಕೊಟ್ಟಿದ್ದಳು. ಸರಿ ಸರ್, ಸರಿ ಸರ್ ಎಂದು ಫೋನು ಇಟ್ಟಾಗ ಅವಳು ಬಸ್‌ ನಿಲ್ದಾಣದಲ್ಲಿ ಸಿರುಗುಪ್ಪದ ಬಸ್ಸಿನ ಬಾಗಿಲ ಬಳಿ ನಿಂತಿದ್ದಳು. ತಾನು ಅಲ್ಲಿಗೆ ಬಂದದ್ದು ಅವಳಿಗೆ ಅಷ್ಟಾಗಿ ತಿಳಿದಿರಲಿಲ್ಲ. ಪರೀಕ್ಷೆಗೆ ಒಳಗಾದವರನ್ನು ವಿಚಾರಣೆಯ ಹಿಂದಿನ ದಿನ ಹೀಗೆ ಖಾಸಗಿಯಾಗಿ ಕಾಣುವುದು ತಪ್ಪು. ಅದನ್ನೂ ಅವಳು ಪಾಠ ಮಾಡಿದ್ದಳು.

ಕಿಟಕಿಯ ಪಕ್ಕದ ಸೀಟು. ನಕ್ಕೆನಾ? ನಗು ಹೇಗಿತ್ತು? ಮುದುಕಿಯ ಹಳೇಕಾಲದ ಮಾತು ಕೇಳಿ ಓದಿದವರು ನಗುವ ನಗುವೋ, ಅಥವಾ ಗುರುತು ಸಿಕ್ಕವರು ನಗುವುದೋ? ಮೊದಲನೆಯದಾದರೆ ಅವಳು ಅಹಂಕಾರಿ, ಅಷ್ಟೆ. ಅದಕ್ಕೆ ಜನ ಕ್ಷಮಿಸುತ್ತಾರೆ. ಎರಡನೆಯದಾದರೆ? ಕಣದಲ್ಲಿ ಅಪ್ಪ ಮಂಡಿಯೂರಿ ಕೂತು ಸೇರು ತುಂಬಿ ಕೈ ಸವರುತ್ತಿದ್ದ, ಅವಳು ಎದುರಿಗೆ ಲಂಗ ಒತ್ತಿಕೊಂಡು ಕುಕ್ಕರುಗಾಲಲ್ಲಿ ಕೂತು ಲಾಽಽಭ ಎಂದು ಎಳೆಯುತ್ತಿದ್ದಳು, ಜೋಳದ ಸುಂಕು ಮೂಗಿಗೆ ಹೋಗಿ ಸೀನು ಬರುತ್ತಿತ್ತು, ಸೀನಿದರೆ ಅಪ್ಪ ಮೊದಲಿಂದ ಅಳೆಯುತ್ತಿದ್ದ. ಇದೆಲ್ಲ ಇತ್ತು. ಎಲ್ಲೂ ಹೋಗಿರಲಿಲ್ಲ. ಹಾಗಿದ್ದರೆ ಆರು ತಿಂಗಳ ಹಿಂದೆ, ಮೇಜಿನ ಆಚೆಯಿಂದ ಆ ಪದ ಬಂದಾಗ, ಅದು ಎಲ್ಲಿ ತಾಗಿ ನಗು ತಂದಿತು, ಮತ್ತು ಅದೇ ಕ್ಷಣದಲ್ಲಿ ಕೈ ಹೇಗೆ ‘ಅಸಂಬದ್ಧ’ ಎಂದು ಬರೆಯಿತು? ಇನ್ನೊಬ್ಬರ ಬಗ್ಗೆ ಯಾರಾದರೂ ಈ ಪ್ರಶ್ನೆ ಕೇಳಿದ್ದರೆ ಅವಳ ಬಳಿ ಉತ್ತರವಿತ್ತು. ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವ ಮನಸ್ಸುಗಳ ಬಗ್ಗೆ ಅವಳು ಎರಡು ಪ್ರಬಂಧ ಬರೆದಿದ್ದಳು. ತೆಕ್ಕಲಕೋಟೆಯಲ್ಲಿ ಬಸ್ಸು ನಿಂತಾಗ ಸೌತೆಕಾಯಿ ಮಾರುವವಳು ಕಿಟಕಿಗೆ ಬುಟ್ಟಿ ಎತ್ತಿ ಹಿಡಿದಳು. ಸುನಂದಾ ಬೇಡವೆಂದು ಕೈ ಆಡಿಸಿದಳು. ಆಡಿಸಿದ ಕೈ ತನ್ನದಲ್ಲ, ಯಾವುದೋ ಕಚೇರಿಯದು ಎನ್ನಿಸಿತು. ಕಾಲುವೆ ನೀರು ನಿಂತ ಗದ್ದೆಗಳು ಶುರುವಾದವು. ಇಳಿದುಬಿಡಲೇ? ಇಳಿದು, ಎದುರು ಬಸ್ಸು ಹತ್ತಿ, ಸಂಜೆಗೆ ಅವ್ವನ ಕಣ್ಣಿಗೆ ಹನಿ ಹಾಕಿ, ನಾಳೆ ಎರಡು ನಿಮಿಷ. ಪ್ರತಿ ನಿಲುಗಡೆಯಲ್ಲೂ ಚೀಲ ಎತ್ತಿಕೊಂಡಳು, ಪ್ರತಿ ನಿಲುಗಡೆಯಲ್ಲೂ ತೊಡೆಯ ಮೇಲೆ ಇಟ್ಟಳು. ಪಕ್ಕದಲ್ಲಿದ್ದ ಮುದುಕ, “ಯಾವೂರಿಗೆ ಹೋಗಬೇಕವ್ವಾ ನೀನು? ಗೊತ್ತೈತಿಲ್ಲೋ?” ಎಂದು ಕೇಳಿದ.

ಹೊನ್ನೂರಮ್ಮ ಎಲ್ಲಿ ಕೂರುತ್ತಾಳೆಂದು ಫೈಲಿನಲ್ಲೇ ಇತ್ತು: ‘ವೃತ್ತಿ: ಮಂಡಕ್ಕಿ ವ್ಯಾಪಾರ, ಬಸ್ ನಿಲ್ದಾಣದ ಹತ್ತಿರ.’ ಬರೆದುಕೊಂಡವಳಿಗೆ ಆಗ ಹೊಳೆಯದೇ ಇದ್ದದ್ದು ಈಗ ಕಣ್ಣೆದುರಿಗೆ ಇತ್ತು. ಹಗಲೆಲ್ಲ ಅಳೆದು ಬದುಕುವವಳು. ಬೇವಿನ ಮರದ ಕೆಳಗೆ ಎರಡು ದೊಡ್ಡ ಚೀಲ ಮಂಡಕ್ಕಿ, ಒಂದು ಬುಟ್ಟಿ ಶೇಂಗಾ, ಹಿತ್ತಾಳೆಯ ಸೇರು. ಕೊಡೆಯಾಕಾರದ ಹರಕು ಪ್ಲಾಸ್ಟಿಕ್ಕಿನ ಕೆಳಗೆ ಹೊನ್ನೂರಮ್ಮ ಕೂತಿದ್ದಳು, ಪರೀಕ್ಷಾ ಕೋಣೆಯಲ್ಲಿ ಕಂಡದ್ದಕ್ಕಿಂತ ದೊಡ್ಡವಳಾಗಿ. ಒಬ್ಬಳು ಹೆಂಗಸು ಚೀಲ ಹಿಡಿದು ನಿಂತಿದ್ದಳು. ಸುನಂದಾ ಮರದ ಆಚೆ ನಿಂತಳು, ಕದ್ದು ಕೇಳುವವಳ ಹಾಗೆ.

“ಒಂದು,” ಎಂದಳು ಹೊನ್ನೂರಮ್ಮ, ಗಟ್ಟಿಯಾಗಿ, ಶಾಲೆಯ ಮಕ್ಕಳು ಒಪ್ಪಿಸುವ ಹಾಗೆ. “ಎರಡು. ಮೂರು.”

“ಏನ ಹೊನ್ನೂರಮ್ಮತ್ತಿ, ಒಂದು ಅಂತೀದಿ? ನಮ್ಮ ಮನ್ಯಾಗ ಒಂದಾ ಸೇರು ಉಣ್ಣಬೇಕೇನ ನಾವು?”

“ಸುಮ್ನಿರಲೇ ಜಡೆಮ್ಮ. ಕೋರ್ಟಿನ್ಯಾಗ ಹಿಂಗಾ ಅನ್ನಬೇಕಂತ. ರೂಢಿ ಮಾಡ್ಕೊಳ್ಳಾಕತ್ತೀನಿ.”

“ಕೋರ್ಟಿನ್ಯಾಗ ಮಂಡಕ್ಕಿ ಮಾರ್ತೀಯೇನ ಇನ್ನ ಮ್ಯಾಲ? ಜಡ್ಜಿಗೆ ಒಗ್ಗರಣಿ ಹಾಕಿ ಕೊಡು ಹಂಗಾರ.” ಜಡೆಮ್ಮ ನಗುತ್ತ ಚೀಲ ಕಟ್ಟಿಕೊಂಡು, ಮೇಲೆ ಒಂದು ಹಿಡಿ ತಾನೇ ಹಾಕಿಕೊಂಡು ಹೋದಳು.

ಓಡಿಹೋಗಲು ಅದೇ ಕೊನೆಯ ಗಳಿಗೆ. ಆದರೆ ಹೊನ್ನೂರಮ್ಮ ಆಗಲೇ ನೋಡಿದ್ದಳು. ಗಡಬಡಿಸಿ ಎದ್ದು ಸೆರಗು ಹೊದ್ದು, ಒಂದು ಗೋಣಿಚೀಲ ಕೊಡವಿ ಹಾಸಿದಳು. “ಮೇಡಮ್ಮಾರು! ಬರ್ರಿ, ಬರ್ರಿ ಅಮ್ಮಾರೆ. ನೆಳ್ಳಾಗ ಕುಂದರ್ರಿ. ನೀವು ಬರ್ತೀರಿ ಅಂತ ನಂಗೊತ್ತಿತ್ತು.” ಸುನಂದಾ ಕೂತಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿದ ವಾಕ್ಯ ಬಾಯಿಗೆ ಬರುವ ಮೊದಲೇ ಹೊನ್ನೂರಮ್ಮ ಸೇರನ್ನು ಕೈಗೆತ್ತಿಕೊಂಡಿದ್ದಳು. “ಈಗ ಬರತೈತ್ರೀ ನಂಗ. ನೋಡ್ರಿ ಬೇಕಾದ್ರ. ಓಣ್ಯಾಗ ಅಂಜಿನೇಯ ಮಾಸ್ತರು ಅದಾರ, ಅವ್ರು ಹೇಳಿಕೊಟ್ರು. ಒಂದು, ಎರಡು, ಮೂರು, ನಾಕು, ಐದು, ಆರು, ಏಳು...” ಏಳು ಎನ್ನುವಾಗ ಅವಳ ದನಿ ಒಂದು ಎಳೆ ಕೆಳಗಿಳಿಯಿತು, ಕೆಟ್ಟ ಮಾತು ಆಡಬೇಕಾದವರ ಹಾಗೆ. ಮಂಡಕ್ಕಿ ಮತ್ತೆ ಚೀಲಕ್ಕೇ ಬೀಳುತ್ತಿತ್ತು. “ನೂರರ ಮಟ ಹೇಳ್ಲೇನ್ರೀ? ಹುಡುಗೀನ ಒಯ್ದ ಮ್ಯಾಲ ದಿನಾ ಇದಾ ಮಾಡ್ತೀನಿ. ಇನ್ನೊಂದು ಸಲ ಪರೀಕ್ಷಿ ಇಡ್ರಿ ಅಮ್ಮಾರೆ, ನಾ ಪಾಸಾಗ್ತೀನಿ.”

ಸುನಂದಾ ಕೈಚಾಚಿ ಸೇರನ್ನು ಹಿಡಿದು ನಿಲ್ಲಿಸಿದಳು. “ಬ್ಯಾಡ. ಬ್ಯಾಡ ಹೊನ್ನೂರಮ್ಮ. ನೀವು ಅವತ್ತು ಅಂದದ್ದಾ ಸರಿ ಇತ್ತು. ತಪ್ಪು ನಂದು. ಬರಿಯೋದ್ರಾಗ ತಪ್ಪಾಗೈತಿ.”

ಹೊನ್ನೂರಮ್ಮ ಸ್ವಲ್ಪ ಹೊತ್ತು ಅರ್ಥ ಮಾಡಿಕೊಳ್ಳಲಿಲ್ಲ. ಆಮೇಲೆ ಮಾಡಿಕೊಂಡಳು. ಮುಖದಲ್ಲಿ ಬಂದದ್ದು ಸಿಟ್ಟಲ್ಲ, ಸಂತೋಷ; ಅದನ್ನು ನೋಡಲಾರದೆ ಸುನಂದಾ ಶೇಂಗಾ ಬುಟ್ಟಿಯನ್ನು ನೋಡಿದಳು. “ಅದಕ್ಕಾ ನಾ ಹೇಳಿದ್ದು ಎಲ್ರಿಗೂ! ಆ ಮೇಡಮ್ಮಾರು ನಮ್ಮ ಕಡಿಯಾರಾ, ಅವ್ರಿಗೆ ತಿಳೀಲಾರದ್ದಲ್ಲ ಅಂತ. ನಾ ಲಾಭ ಅಂದ ಕೂಡ್ಲೆ ನೀವು ನಕ್ರಿ. ಆ ಕೋಣ್ಯಾಗ ಅಷ್ಟೊತ್ತು ಜೀವ ಕೈಯಾಗ ಹಿಡಕಂಡು ಕುಂತಿದ್ದೆ, ನೀವು ನಕ್ಕದ್ದಕ್ಕ ಧೈರ್ಯ ಬಂತ್ರೀ. ನಮ್ಮವ್ವನೂ ಹಂಗಾ ನಗತಿದ್ಳು, ನಾ ಅಳ್ಯಾಕ ಕುಂತ್ರ.”

ಎಲ್ಲಿಂದಲೋ ಭತ್ತದ ಗಿರಣಿಯ ಸದ್ದು ಬರುತ್ತಿತ್ತು. ಬಹಳ ಹೊತ್ತಿನಿಂದ ಬರುತ್ತಿದ್ದಿರಬೇಕು. ಗಾಳಿಯಲ್ಲಿ ತೌಡು.

“ತಪ್ಪು ನಿಮ್ದು ಅಂತ ನಂಗ ಯಾಕ ಹೇಳ್ತೀರಿ ಮತ್ತ? ನಾ ಏನ್ ಮಾಡ್ಲಿ ಅದನ್ನ?” ಹೊನ್ನೂರಮ್ಮ ಬ್ಲೌಸಿನಿಂದ ಪುಟ್ಟ ಫೋನು ತೆಗೆದಳು. “ನಮ್ಮ ವಕೀಲ್ರಿಗೆ ಹೇಳ್ರಿ. ಕೊಟ್ಟೂರಪ್ಪನವ್ರು. ಮೂರು ಒತ್ತಿ ಹಿಡದ್ರ ಅವ್ರಿಗಾ ಹೋಗತೈತಿ.” ಒತ್ತಿ ಹಿಡಿದು, ಕಿವಿಗೆ ಇಟ್ಟುಕೊಂಡು, ಮೇಡಮ್ಮಾರು ಬಂದಾರ, ನಮ್ಮ ಮಂಡಕ್ಕಿ ಮುಂದ ಕುಂತಾರ ಎಂದು ಹೇಳಿ ಸುನಂದಾಳ ಕೈಗೆ ಕೊಟ್ಟುಬಿಟ್ಟಳು. ಫೋನು ಬೆಚ್ಚಗಿತ್ತು.

ಸುನಂದಾ ಹೇಳಿದಳು. ಪಾಠ ಮಾಡುವವರ ಹಾಗೆ, ಕ್ರಮವಾಗಿ: ರೂಢಿ ಹೀಗೆ, ಮಾಪಕ ಹೀಗೆ, ಮುಂದಿನ ಪ್ರಶ್ನೆ ಕೇಳಿಲ್ಲ, ಆದ್ದರಿಂದ ಅಂಕಕ್ಕೆ ಅರ್ಥವಿಲ್ಲ. ಆ ಕಡೆ ಕೊಟ್ಟೂರಪ್ಪ ಹೂಂ ಹೂಂ ಎನ್ನುತ್ತಿದ್ದವರು ಒಮ್ಮೆಲೇ ಹೂಂ ಅನ್ನುವುದನ್ನು ನಿಲ್ಲಿಸಿದರು.

“ಮೇಡಂ, ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇದು ನಿಮಗ ಯಾವಾಗ ಗೊತ್ತಾತು?”

“ಅಂದ್ರೆ?”

“ಈಗ ಗೊತ್ತಾತು ಅಂದ್ರ ಆ ಕಡಿ ವಕೀಲ ಹೊಸಾ ಪರೀಕ್ಷಿ ಆಗ್ಲಿ ಅಂತಾನ. ಧಾರವಾಡೋ ಬೆಂಗ್ಳೂರೋ. ತಾರೀಖು ಸಿಗಾಕ ಆರು ತಿಂಗಳು, ಎಂಟು ತಿಂಗಳು. ಅಲ್ಲೀಮಟ ಹುಡುಗಿ ಕುರುಗೋಡಾಗ. ದೊಡ್ಡಬಸವರಾಜ ಕೆಟ್ಟಾವಲ್ಲ ಮೇಡಂ, ಹುಡುಗಿಗೆ ಹೊಸಾ ಸೈಕಲ್ಲೂ ಕೊಡ್ಸ್ಯಾನ. ಆದ್ರ ಅದು ಬಾಯಿ ಬಿಟ್ಟು ಮಾತಾಡಿ ಎಷ್ಟು ದಿನ ಆತೋ. ಸಾಲ್ಯಾಗ ಟೀಚರು ಮೂಗಿ ಅನ್ಕಂಡಾರಂತ. ಬರಿಯೋ ಹೊತ್ತಿನ್ಯಾಗಾ ಗೊತ್ತಿತ್ತು, ಗೊತ್ತಿದ್ದೂ ಬರೀಲಿಲ್ಲ ಅಂದ್ರ, ಆ ವರದಿ ನಾಳೇನಾ ಬಿದ್ದೋಗತೈತಿ. ಮಿಕ್ಕ ಸಾಕ್ಷಿ ಎಲ್ಲಾ ನಮ್ಮ ಕಡೀನಾ ಅದಾವ. ಆದ್ರ ಆಮ್ಯಾಲ ನಿಮ್ಮನ್ನ ಯಾ ಕೋರ್ಟಿನಾರೂ ಕರಿಯಾಂಗಿಲ್ಲ, ಅದೂ ಖರೆ. ಸುಳ್ಳು ಹೇಳ್ರಿ ಅನ್ನಾಂಗಿಲ್ಲ ನಾನು. ಇದ್ದದ್ದು ಹೇಳ್ರಿ. ಅವತ್ತು ಗೊತ್ತಿತ್ತಾ, ಇಲ್ಲಾ?”

ಇದ್ದದ್ದು. ಸುನಂದಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು, ಆ ಕಿವಿಯಲ್ಲಿ ಪ್ರಶ್ನೆ ಬೇರೆಯಾಗಿ ಕೇಳಿಸೀತು ಎಂಬಂತೆ. ಗೊತ್ತಿತ್ತು ಎಂದರೆ ಅನುಷಾಳ ನಾಲ್ಕು ವರ್ಷ, ವಿರೂಪಾಕ್ಷಪ್ಪನವರ ಮುಖ, ಮುಂದಿನ ವಾರದ ಸಂದರ್ಶನ, ಕೂದಲಿಗೆ ಬಣ್ಣ ಹಚ್ಚಿದ ಆ ವಕೀಲ, ಸುದ್ದಿ ಕೇಳಿ ಅವನು ಈ ಸಲ ನಗುವುದೂ ಇಲ್ಲ, ಸುಮ್ಮನೆ ಕುರ್ಚಿಗೆ ಒರಗುತ್ತಾನೆ. ಗೊತ್ತಿರಲಿಲ್ಲ ಎಂದರೆ ಅವಳು ಪ್ರಾಮಾಣಿಕಳಾದ ವಿದ್ವಾಂಸಳು, ತಪ್ಪನ್ನು ತಾನೇ ಹುಡುಕಿ ತಿದ್ದಿದವಳು, ಒಂದು ಲೇಖನಾನೂ ಆಗತೈತಿ. ಮತ್ತು ಅದು ಸುಳ್ಳೆಂದು ಯಾರೂ ಸಾಧಿಸಲಾರರು. ಅವಳೂ ಸಾಧಿಸಲಾರಳು. ಅವಳು ಆ ಕೋಣೆಗೆ ಮತ್ತೆ ಹೋದಳು. ಟ್ಯೂಬ್‌ಲೈಟು, ಮೇಜು, ಬೋಗುಣಿ. ಮುದುಕಿಯ ಕೈ ಪಾವನ್ನು ತುಂಬಿ, ಮೇಲೆ ಬೆರಳಿಂದ ಸವರುತ್ತದೆ. ಆ ಸವರುವಿಕೆಯಲ್ಲೇ, ಪದ ಬರುವುದಕ್ಕೆ ಮೊದಲೇ, ಏನೋ ಒಂದು ಎದ್ದು ತುಟಿಯ ತನಕ ಬಂದಿತ್ತು, ಅನುಷಾ ಕೈಯಲ್ಲಿ ಗಡಿಯಾರ ಹಿಡಿದುಕೊಂಡು ನೋಡುತ್ತಿದ್ದಳು, ಪೆನ್ನು ಕಾಗದದ ಮೇಲಿತ್ತು, ಇದನ್ನು ಒಪ್ಪಿದರೆ ನಾಳೆ ಯಾರೋ ವಿವೇಚನೆ ಅಂದ್ರೇನ್ರೀ ಎನ್ನುತ್ತಾರೆ. ಅಷ್ಟೆ. ಅಷ್ಟೇ ಹೊತ್ತು. ಅದನ್ನು ಗೊತ್ತಿರುವುದು ಎನ್ನುತ್ತಾರೋ ಇಲ್ಲವೋ. ಎದುರಿಗಿದ್ದವಳು ಮಾತ್ರ ಅದನ್ನು ಓದಿದ್ದಳು. ಅರವತ್ತೆರಡು ಅಂಕದವಳು ಒಂದೇ ನೋಟಕ್ಕೆ ತಪ್ಪಿಲ್ಲದೆ ಓದಿ, ಧೈರ್ಯ ತಂದುಕೊಂಡಿದ್ದಳು.

“ಮೇಡಂ? ಲೈನಿನ್ಯಾಗ ಅದೀರಾ?”

ಹೊನ್ನೂರಮ್ಮ ಗಿರಾಕಿಯೊಬ್ಬನನ್ನು ಕೈಸನ್ನೆಯಲ್ಲೇ ತಡೆದು ಅವಳ ಬಾಯನ್ನೇ ನೋಡುತ್ತಿದ್ದಳು. ಬಹುಶಃ ಎಂಬುದು ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು, ಹದಿನೈದು ವರ್ಷ ಪ್ರತಿ ವಾಕ್ಯದ ಮುಂದೆ ನಿಂತು ಕಾದ ಪದ. ಸುನಂದಾ ಅದನ್ನು ನುಂಗಿದಳು.

“ಗೊತ್ತಿತ್ತು,” ಎಂದಳು.

“ಅವತ್ತೇನಾ?”

“ಅವತ್ತೇ. ಬರಿಯೋ ಹೊತ್ತಿನ್ಯಾಗ.”

“ನಾಳೆ ಪ್ರಮಾಣ ಮಾಡಿ ಹೇಳ್ತೀರಾ?”

“ಹೇಳ್ತೀನಿ.”

ಕೊಟ್ಟೂರಪ್ಪ ಏನೋ ಹೇಳಿದರು, ಧನ್ಯವಾದ ಇದ್ದೀತು. ಫೋನು ಆರಿತು. ಸುನಂದಾ ಹಗುರವಾಗುತ್ತದೆಂದು ಕಾದಳು. ಏನೂ ಆಗಲಿಲ್ಲ. ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು, ಕಾಲು ಜೋಮು ಹಿಡಿದಿತ್ತು. ಫೋನನ್ನು ಹಿಂದಕ್ಕೆ ಚಾಚಿದಳು. ಹೊನ್ನೂರಮ್ಮ ಅದನ್ನು ತೆಗೆದುಕೊಳ್ಳಲಿಲ್ಲ.

“ಗೊತ್ತಿತ್ತಾ ನಿನಗ?” ಎಂದಳು.

ಅಮ್ಮಾರೆ ಇರಲಿಲ್ಲ. ನೀವು ಇರಲಿಲ್ಲ. ಸುನಂದಾ ತಲೆ ಎತ್ತಿದಳು. ಸ್ವಲ್ಪ ಹೊತ್ತಿನ ಹಿಂದೆ ಗೋಣಿಚೀಲ ಕೊಡವಿ ಹಾಸಿದ ಮುಖ ಅಲ್ಲಿರಲಿಲ್ಲ. ಇದ್ದದ್ದು ಆರು ತಿಂಗಳು ದಿನಾ ನೂರರ ಮಟ ಎಣಿಸಿದ ಮುಖ.

“ಗೊತ್ತಿದ್ದೂ ನಕ್ಕಿ. ಗೊತ್ತಿದ್ದೂ ಬರದಿ.”

“ಹೂಂ.”

“ನನ್ನ ಕೂಸು ಅಲ್ಲಿ ಮೂಗಿ ಆತು.”

ಕಾದು ಬೇಸತ್ತ ಗಿರಾಕಿ, ಅಮ್ಮಾ ಎರಡು ಸೇರು ಕೊಡ್ತೀಯೋ ಹೋಗ್ಲೋ ಎಂದ. ಹೊನ್ನೂರಮ್ಮ ಅವನ ಕಡೆ ತಿರುಗಲಿಲ್ಲ. ಫೋನು ಕಸಿದು ಬ್ಲೌಸಿಗೆ ಸೇರಿಸಿದಳು. ಸುನಂದಾಳ ಕೆಳಗಿದ್ದ ಗೋಣಿಚೀಲದ ತುದಿ ಹಿಡಿದು ಎಳೆದಳು, ಜೋರಾಗಿ ಅಲ್ಲ, ಅವಳು ಎದ್ದು ನಿಲ್ಲುವಷ್ಟು. ಸುನಂದಾ ಎದ್ದು ನಿಂತಳು. ಬಸ್ಸು ಆ ಕಡೆ ಹಾರ್ನು ಹೊಡೆಯುತ್ತಿತ್ತು, ಬಳ್ಳಾರಿ ಬಳ್ಳಾರಿ ಎಂದು ಕಂಡಕ್ಟರು ಕೂಗುತ್ತಿದ್ದ.

“ಹತ್ತೂವರಿಗೆ ಕರೀತಾರ,” ಎಂದಳು ಹೊನ್ನೂರಮ್ಮ, ಚೀಲ ಮಡಚುತ್ತ, ಅವಳ ಕಡೆ ನೋಡದೆ. “ತಡಾ ಮಾಡಬ್ಯಾಡ.”